ಒಂದು ಹಗಲಿನ ಅತಿಥಿಗೆ ರೇವಿನ ಕೈಪಿಡಿ

ನವರಾತ್ರಿ ಕಳೆದು, ಮಳೆಗಾಲದ ಕೆನ್ನೀರೆಲ್ಲ ಇಳಿದು, ಕಡಲು ತಿಳಿಯಾದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ಆಗಾಗ ವಿಹಾರನೌಕೆಗಳು ಬರುವುದುಂಟು. ಊರಿನವರ ಬಾಯಲ್ಲಿ ಅವು ಕ್ರೂಸ್ ಹಡಗುಗಳು. ಬೆಳಿಗ್ಗೆ ಬಂದು ಸಂಜೆಗೆ ಹೊರಟುಹೋಗುವ ಅಂಥದೊಂದು ಹಡಗಿನಿಂದ ಇಳಿದು ಬಂದಿದ್ದ ವೃದ್ಧ ಮಹಿಳೆಯೊಬ್ಬರನ್ನು ಕೆಲವು ವರ್ಷಗಳ ಹಿಂದೆ ಕಾರ್ಕಳದ ಗೊಮ್ಮಟನ ಬೆಟ್ಟದ ಮೆಟ್ಟಿಲುಗಳ ಮೇಲೆ ಕಂಡೆ. ದಣಿವಾರಿಸಿಕೊಳ್ಳಲೆಂದು ಅರ್ಧದಾರಿಯಲ್ಲಿ ಕುಳಿತಿದ್ದ ಅವರು ನಾಲ್ಕು ಮಡಿಕೆಯ ಕಾಗದವೊಂದನ್ನು ತೊಡೆಯ ಮೇಲೆ ಹರಡಿಕೊಂಡು, ಪೆನ್ಸಿಲಿನ ತುದಿಯಿಂದ ತಾವಿರುವ ಸ್ಥಳವನ್ನು ಅದರಲ್ಲಿ ಹುಡುಕುತ್ತಿದ್ದರು. ಕೇಳಿದಾಗ ಸಂತೋಷದಿಂದಲೇ ನೋಡಲು ಕೊಟ್ಟರು. ಪ್ರತಿಯೊಂದು ರೇವು ಬರುವ ಮುನ್ನಾದಿನ ರಾತ್ರಿ ಹಡಗಿನವರು ಕೋಣೆಕೋಣೆಗೂ ಹಂಚುವ ಕೈಪಿಡಿ ಅದು. ಒಂದು ಮಗ್ಗುಲಲ್ಲಿ ಊರಿನ ನಕಾಶೆ. ಇನ್ನೊಂದು ಮಗ್ಗುಲಲ್ಲಿ ಹಣದ ವಿನಿಮಯದ ಕ್ರಮ, ಬಂದರಿನಿಂದ ಪೇಟೆಗಿರುವ ದೂರ, ಕದ್ರಿಯ ದೇವಾಲಯ, ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಇವುಗಳ ವಿಷಯವಾಗಿ ಎರಡೆರಡು ಸಾಲು. ಕಡೆಯಲ್ಲಿ, ದಾರಿ ತಪ್ಪಿದವರ ಉಪಯೋಗಕ್ಕಾಗಿ, ಹಡಗಿನ ಪರವಾಗಿ ಬಂದರಿನಲ್ಲಿ ವ್ಯವಹರಿಸುವ ಏಜೆಂಟರ ವಿಳಾಸ. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರಗಳಲ್ಲಿ, ಮರಳಿ ಹಡಗನ್ನು ಹತ್ತಬೇಕಾದ ವೇಳೆ. ಆ ವೇಳೆಯ ಸುತ್ತ ಅವರು ಪೆನ್ಸಿಲಿನಿಂದ ಎರಡು ಸುತ್ತು ಎಳೆದಿದ್ದರು.

ಕಾಗದವನ್ನು ಮರಳಿ ಪಡೆಯುತ್ತ ಅವರು ಕೇಳಿದ ಪ್ರಶ್ನೆ ಒಂದೇ: ಬೆಳಿಗ್ಗೆ ಪೇಟೆಗೆ ಹೋಗುವಾಗ ಸೇತುವೆಯ ಕೆಳಗೆ ಅಗಲವಾದ ನದಿಯೊಂದನ್ನು ಕಂಡೆವು, ಅದು ಈ ನಕಾಶೆಯಲ್ಲಿ ಇಲ್ಲ, ಅದರ ಹೆಸರೇನು? ನಾನು ನೋಡಿದೆ. ರೇಷ್ಮೆಯ ಅಂಗಡಿ, ಗೇರುಬೀಜದ ಅಂಗಡಿ, ಒಡವೆಯ ಅಂಗಡಿ ಎಲ್ಲವೂ ಅಂಕೆ ಹಾಕಿಸಿಕೊಂಡು ಅಲ್ಲಿ ನಿಂತಿದ್ದವು. ಯಾವ ನದಿಯ ದೆಸೆಯಿಂದ ಮಂಗಳೂರು ಒಂದು ರೇವುಪಟ್ಟಣವಾಯಿತೋ ಆ ನದಿ ಇರಲಿಲ್ಲ. ಗುರುಪುರ ನದಿಯೆಂದೂ ಫಲ್ಗುಣಿಯೆಂದೂ ಅದಕ್ಕೆ ಎರಡು ಹೆಸರುಂಟೆಂದು ಹೇಳಿದೆ. ಅವರು ಎರಡನ್ನೂ ಅಂಚಿನ ಬಿಳಿಯ ಜಾಗದಲ್ಲಿ ತಮ್ಮ ಲಿಪಿಯಲ್ಲಿ ಬರೆದುಕೊಂಡರು.

ರೇವಿಗೆ ಬರುವವನ ಕೈಗೆ ರೇವಿನ ವಿಷಯವನ್ನು ತಿಳಿಸುವ ಬರಹವನ್ನಿಡುವುದು ಈಚಿನ ಪದ್ಧತಿಯಲ್ಲ; ಅದು ಎರಡು ಸಾವಿರ ವರ್ಷಗಳಷ್ಟು ಹಳೆಯದು, ಮತ್ತು ಅದರ ಅತ್ಯಂತ ಹಳೆಯ ಉದಾಹರಣೆಗಳಲ್ಲೊಂದು ನಮ್ಮ ಪಶ್ಚಿಮ ಕರಾವಳಿಯನ್ನೇ ಕುರಿತದ್ದು. ಆ ಹಳೆಯ ಬರಹಗಳಲ್ಲಿ ಮೊದಲ ಮಾತೆಲ್ಲ ನೀರಿನದು, ನೆಲದ ಮಾತು ಆಮೇಲಿನದು. ನೀರು ಯಾವಾಗ, ಯಾವ ಕಾರಣದಿಂದ ಕೈಪಿಡಿಯಿಂದ ಜಾರಿಹೋಯಿತೆಂಬುದನ್ನು ಆ ದಿನದಿಂದಲೂ ಯೋಚಿಸುತ್ತ ಬಂದಿದ್ದೇನೆ.

ಕ್ರಿಸ್ತಶಕದ ಮೊದಲನೆಯ ಶತಮಾನದ ನಡುಭಾಗದಲ್ಲಿ, ಈಜಿಪ್ಟಿನಲ್ಲಿ ನೆಲೆಸಿದ್ದ ಗ್ರೀಕ್ ಮಾತಿನ ವರ್ತಕನೊಬ್ಬನು ಬರೆದಿಟ್ಟ ‘ಪೆರಿಪ್ಲಸ್’ ಎಂಬ ಪುಸ್ತಕವುಂಟು. ಕರ್ತೃವಿನ ಹೆಸರು ಉಳಿದಿಲ್ಲ. ಪುಸ್ತಕವೂ ದೊಡ್ಡದಲ್ಲ, 66 ಸಣ್ಣ ಅಧ್ಯಾಯಗಳು. ಹತ್ತನೆಯ ಶತಮಾನದ ಹಸ್ತಪ್ರತಿಯೊಂದು ಹೈಡೆಲ್‌ಬರ್ಗಿನಲ್ಲಿ ಉಳಿದುಬಂದುದರಿಂದ ನಮಗೆ ಸಿಕ್ಕಿದೆ. ಕೆಂಪು ಸಮುದ್ರದಿಂದ ಹೊರಟು ಆಫ್ರಿಕದ ಪೂರ್ವತೀರ, ಅರಬದೇಶ, ಸಿಂಧೂಮುಖ, ಈಗಿನ ಭರೂಚ್ ಆದ ಭರುಕಚ್ಛ, ಕೇರಳದ ಮುಸಿರಿ ಎಂದು ರೇವಿನಿಂದ ರೇವಿಗೆ ನಡೆಯುವ ಈ ಬರಹದಲ್ಲಿ ಅಲಂಕಾರವೆಂಬುದೇ ಇಲ್ಲ. ಇಲ್ಲಿ ಏನು ಕೊಳ್ಳಬಹುದು, ಏನು ಮಾರಬಹುದು, ಅರಸನಿಗೆ ಯಾವ ಕಾಣಿಕೆ ಸಲ್ಲಬೇಕು, ಎಲ್ಲಿ ಲಂಗರು ಹಾಕಬಹುದು, ಎಲ್ಲಿ ಹಾಕಬಾರದು, ಯಾವ ತಿಂಗಳಲ್ಲಿ ಹೊರಟರೆ ಗಾಳಿ ಕೈಹಿಡಿಯುತ್ತದೆ — ಇಷ್ಟೇ. ಭಾರತಕ್ಕೆ ಹೊರಡುವವರು ಜುಲೈ ತಿಂಗಳಲ್ಲಿ ಈಜಿಪ್ಟನ್ನು ಬಿಡಬೇಕೆಂದು ಅವನು ಹೇಳುವ ಮಾತು ಮುಂಗಾರಿನ ಗಾಳಿಯನ್ನು ಬೆನ್ನಿಗೆ ಕಟ್ಟಿಕೊಂಡು ಬರುವುದರ ಮರ್ಮವನ್ನು ಬಲ್ಲವನ ಮಾತು.

ಭರುಕಚ್ಛದ ಅಧ್ಯಾಯಗಳನ್ನು ಓದುವಾಗಲಂತೂ, ಬರೆದವನು ಆ ನೀರಿನಲ್ಲಿ ಹೆದರಿಕೊಂಡೇ ಬಂದು ಬದುಕಿ ಮರಳಿದವನೆಂಬುದರಲ್ಲಿ ನನಗೆ ಸಂದೇಹವುಳಿಯುವುದಿಲ್ಲ. ನರ್ಮದೆಯ ಮುಖಕ್ಕೆ ಹೋಗುವ ಕೊಲ್ಲಿಯ ಬಲಗಡೆಯಲ್ಲಿ ಕಲ್ಲುಬಂಡೆಗಳ ಸಾಲಿದೆಯೆನ್ನುತ್ತಾನೆ. ನದಿಯ ಬಾಯಿ ಕಂಡರೂ ಮರಳದಿಬ್ಬಗಳ ದೆಸೆಯಿಂದ ಒಳಗೆ ಸೇರುವುದು ಕಷ್ಟವೆನ್ನುತ್ತಾನೆ. ಆದಕಾರಣ ಅರಸನ ಸೇವೆಯಲ್ಲಿರುವ ಅಲ್ಲಿನ ಬೆಸ್ತರು ತ್ರಪ್ಪಗ, ಕೊಟುಂಬ ಎಂಬ ಹೆಸರಿನ ಉದ್ದ ದೋಣಿಗಳಲ್ಲಿ ಸೌರಾಷ್ಟ್ರದ ತೀರದವರೆಗೂ ಎದುರು ಬಂದು, ಹೊರಗಿನ ಹಡಗುಗಳನ್ನು ಹಗ್ಗ ಕಟ್ಟಿ, ಭರತದ ನೀರು ಏರುವಾಗ ಮುಂದಕ್ಕೆಳೆದು, ಇಳಿತದಲ್ಲಿ ಆಳವಾದ ಮಡುಗಳಲ್ಲಿ ನಿಲ್ಲಿಸಿ, ಹೀಗೆ ಹಂತಹಂತವಾಗಿ 300 ಸ್ಟೇಡಿಯದಷ್ಟು ದೂರ ನದಿಯೊಳಕ್ಕೆ ಒಯ್ಯುತ್ತಿದ್ದರು. ಅಮಾವಾಸ್ಯೆಯ ಭರತ ಅಲ್ಲಿ ಎಷ್ಟು ಪ್ರಬಲವೆಂದರೆ, ದೂರದಿಂದ ಸೈನ್ಯವೊಂದು ಕೂಗಿಕೊಂಡು ಬರುವಂಥ ಸದ್ದು ಮೊದಲು ಕೇಳಿಸಿ, ಒಡನೆಯೇ ಕಡಲು ದಿಬ್ಬಗಳ ಮೇಲೆ ಭೋರ್ಗರೆದು ನುಗ್ಗುತ್ತದೆಂದು ಅವನು ಬರೆಯುತ್ತಾನೆ. ಇಡೀ ಪುಸ್ತಕದಲ್ಲಿ ಅವನ ಉಸಿರು ಸ್ವಲ್ಪ ಏರಿರುವ ಜಾಗ ಇದೊಂದೇ. ಅನುಭವಿಸಿದವನಿಗಲ್ಲದೆ ಬೇರೆಯವರಿಗೆ ಆ ಸದ್ದು ಹೊಳೆಯುವಂಥದಲ್ಲ.

ನಮ್ಮ ಕನ್ನಡದ ಕರಾವಳಿಯ ಪಾಲಿಗೆ ಈ ಪುಸ್ತಕ ಹೆಚ್ಚೇನನ್ನೂ ಕೊಟ್ಟಿಲ್ಲ. ಕೆಲವು ದ್ವೀಪಗಳ ಹೆಸರು, ಅಲ್ಲಿ ಕಡಲ್ಗಳ್ಳರಿದ್ದಾರೆಂಬ ಎಚ್ಚರಿಕೆ, ‘ಬಿಳಿಯ ದ್ವೀಪ’ವೆಂಬ ಒಂದು ಹೆಸರು, ಆಮೇಲೆ ನೌರ ಎಂಬ ರೇವು. ಈ ನೌರವನ್ನು ಹೊನ್ನಾವರವೆಂದವರುಂಟು, ಮಂಗಳೂರೆಂದವರುಂಟು, ಕಣ್ಣೂರೆಂದವರುಂಟು, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದೇ ಶತಮಾನದ ರೋಮಿನ ಪ್ಲಿನಿಯು ಮುಸಿರಿಯ ರೇವನ್ನು ಕುರಿತು ಬರೆಯುವಾಗ, ಹತ್ತಿರದ ನಿತ್ರಿಯಾಸ್ ಎಂಬಲ್ಲಿ ಕಳ್ಳರಿರುವುದರಿಂದ ಮುಸಿರಿ ಇಳಿಯಲು ಯೋಗ್ಯವಾದ ಸ್ಥಳವಲ್ಲವೆಂದೂ, ಹಡಗು ನಿಲ್ಲುವ ಜಾಗ ದಡದಿಂದ ಬಹುದೂರವಾದುದರಿಂದ ಸರಕನ್ನೆಲ್ಲ ಸಣ್ಣ ದೋಣಿಗಳಲ್ಲಿ ಸಾಗಿಸಬೇಕಾಗುತ್ತದೆಂದೂ ಎಚ್ಚರಿಸುತ್ತಾನೆ. ಆ ನಿತ್ರಿಯಾಸ್ ಎಂಬುದರಲ್ಲಿ ನಮ್ಮ ನೇತ್ರಾವತಿಯ ಹೆಸರನ್ನು ಕಂಡವರು ಹಲವರು. ಅದು ನಿಜವಾದರೆ, ಹೊರನಾಡಿನ ಬರಹದಲ್ಲಿ ನಮ್ಮ ನದಿಯ ಹೆಸರು ಮೊದಲು ಕಾಣಿಸಿಕೊಂಡದ್ದು ಕಳ್ಳರ ಬೀಡೆಂದು! ಅದರಿಂದ ನನಗೆ ಬೇಸರವೇನೂ ಇಲ್ಲ. ಮುಚ್ಚುಮರೆಯಿಲ್ಲದೆ ಅಪಾಯವನ್ನು ಹೇಳಿದವನು ಬರುವವನ ಹಿತವನ್ನು ಬಯಸಿದವನು. ಅವನ ಪಟ್ಟಿಯಲ್ಲಿ ನದಿಯಾದರೂ ಇತ್ತು.

ಮುಂದಿನ ಸಾವಿರ ವರ್ಷಗಳಲ್ಲಿ ಈ ವಿದ್ಯೆ ಅರಬ್ ಮತ್ತು ಗುಜರಾತಿ ಮಾಲುಮಿಗಳ ಕೈಯಲ್ಲಿ ಬೆಳೆಯಿತು. ನಕ್ಷತ್ರಗಳ ಎತ್ತರ, ಗಾಳಿಯ ತಿಥಿ, ತೀರದ ಬೆಟ್ಟಗಳ ಆಕಾರ ಇವನ್ನೆಲ್ಲ ಅವರು ‘ರಹಮಾನಿ’ ಎಂಬ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡು ತಂದೆಯಿಂದ ಮಗನಿಗೆ ದಾಟಿಸಿದರು. ಹದಿನೈದನೆಯ ಶತಮಾನದ ಇಬ್ನ್ ಮಾಜಿದನು ಈ ಪರಂಪರೆಯ ಅತ್ಯಂತ ದೊಡ್ಡ ಹೆಸರು. ಆದರೆ ಇವೆಲ್ಲ ಹಡಗು ನಡೆಸುವವನಿಗಾಗಿ ಬರೆದವು. ಇಳಿದು ಬರುವ ಪಯಣಿಗನ ಕಣ್ಣಿಗೆ ನಮ್ಮ ರೇವುಗಳು ಹೇಗೆ ಕಂಡವೆಂಬುದನ್ನು ತಿಳಿಯಬೇಕಾದರೆ ಪ್ರವಾಸಿ ಇಬ್ನ್ ಬತೂತನ ಬಳಿಗೆ ಹೋಗಬೇಕು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರ, ಬಾರ್ಕೂರುಗಳನ್ನು ಕಂಡು ಮಂಗಳೂರಿಗೆ ಬಂದ ಅವನು, ಇದು ಈ ನಾಡಿನಲ್ಲೇ ದೊಡ್ಡದಾದ ಕೊಲ್ಲಿಯ ಮೇಲಿದೆಯೆಂದೂ, ಫಾರಸ್ ಮತ್ತು ಯೆಮನಿನ ವರ್ತಕರಲ್ಲಿ ಹೆಚ್ಚಿನವರು ಇಳಿಯುವುದು ಇಲ್ಲೇ ಎಂದೂ, ಮೆಣಸು ಶುಂಠಿಗಳು ಇಲ್ಲಿ ಹೇರಳವೆಂದೂ, ಸುಮಾರು 4,000 ಮುಸಲ್ಮಾನರು ಪಟ್ಟಣದ ಹೊರವಲಯದಲ್ಲಿ ವಾಸವಾಗಿದ್ದಾರೆಂದೂ ಹೇಳುತ್ತಾನೆ. ಎಲ್ಲಿ ಇಳಿಯಬೇಕು, ಅಲ್ಲಿ ಯಾರು ಸಿಕ್ಕುತ್ತಾರೆ, ಏನು ದೊರೆಯುತ್ತದೆ — ಒಬ್ಬ ಅಪರಿಚಿತನಿಗೆ ಬೇಕಾದ ಮೂರು ಸಂಗತಿಗಳೂ ಆ ಕೆಲವೇ ಮಾತುಗಳಲ್ಲಿ ಅಡಕವಾಗಿವೆ.

ಯುರೋಪಿನ ಹಡಗುಗಳು ಬಂದ ತರುವಾಯ ನೀರಿನ ಬರಹಕ್ಕೆ ಶಾಸ್ತ್ರದ ಶಿಸ್ತು ಬಂತು, ಆದರೆ ಆ ಶಿಸ್ತು ಬಂದದ್ದು ಅನೇಕ ಹಡಗುಗಳು ಒಡೆದ ಮೇಲೆ. ಜೇಮ್ಸ್ ಹಾರ್ಸ್‌ಬರೋ ಎಂಬ ಸ್ಕಾಟ್ಲೆಂಡಿನ ನಾವಿಕನು 1786ರಲ್ಲಿ ‘ಅಟ್ಲಾಸ್’ ಎಂಬ ಹಡಗಿನ ಮೊದಲ ಮೇಟನಾಗಿ ಬಟೇವಿಯದಿಂದ ಸಿಂಹಳಕ್ಕೆ ಬರುತ್ತಿದ್ದಾಗ, ನಕಾಶೆಯಲ್ಲಿದ್ದ ತಪ್ಪಿನಿಂದಾಗಿ ಹಡಗು ಡಿಯೇಗೊ ಗಾರ್ಸಿಯ ದ್ವೀಪಕ್ಕೆ ಬಡಿದು ಒಡೆಯಿತು. ಬದುಕಿ ಉಳಿದ ಹಾರ್ಸ್‌ಬರೋ ತನ್ನ ಮುಂದಿನ ಆಯುಷ್ಯವನ್ನೆಲ್ಲ ಆ ತಪ್ಪು ಇನ್ನೊಬ್ಬನ ಪಾಲಿಗೆ ಬಾರದಿರಲೆಂಬ ಕೆಲಸಕ್ಕೆ ಮುಡಿಪಾಗಿಟ್ಟು, ಪೂರ್ವಸಮುದ್ರಗಳ ಯಾನಕ್ಕೆ ಬೇಕಾದ ಮಾರ್ಗದರ್ಶಿಯನ್ನು 1809ರಿಂದ 1811ರವರೆಗೆ ಪ್ರಕಟಿಸಿದನು. 1810ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜಲನಕಾಶೆಗಳ ಅಧಿಕಾರಿಯೂ ಆದನು. ಹಡಗಿನಿಂದ ಹಡಗಿಗೆ ದಿನಚರಿಗಳನ್ನು ಬೇಡಿ ಪಡೆದು, ಒಂದಕ್ಕೊಂದನ್ನು ಹೋಲಿಸಿ, ಒಂದೊಂದು ಬಂಡೆಯ ಸ್ಥಾನವನ್ನೂ ತಿದ್ದಿದ ಈ ತಾಳ್ಮೆಯ ಮುಂದೆ ನಾನು ಕೈಮುಗಿಯುತ್ತೇನೆ.

ಪಯಣಿಗನಿಗಾಗಿಯೇ ಬರೆದ ರೇವಿನ ಕೈಪಿಡಿ ಹುಟ್ಟಿದ್ದು ಉಗಿಹಡಗು ಬಂದ ಮೇಲೆ. ಹಾಯಿಹಡಗು ಗಾಳಿ ಕೊಟ್ಟ ದಿನ ಬರುತ್ತಿತ್ತು, ಗಾಳಿ ಕೊಟ್ಟ ದಿನ ಹೋಗುತ್ತಿತ್ತು, ಉಗಿಹಡಗಿಗೆ ವೇಳಾಪಟ್ಟಿಯುಂಟು. ಕಲ್ಲಿದ್ದಲು ತುಂಬಿಸಿಕೊಳ್ಳಲು ಅದು ಗೊತ್ತಾದ ರೇವಿನಲ್ಲಿ ಗೊತ್ತಾದಷ್ಟು ಹೊತ್ತು ನಿಲ್ಲಲೇಬೇಕು. ಆ ಹೊತ್ತಿನಲ್ಲಿ ಕರಿಯ ಧೂಳು ಹಡಗಿನ ಸಂದುಗೊಂದಿಗೆಲ್ಲ ನುಗ್ಗುವುದರಿಂದ, ಕಿಟಕಿ ಬಾಗಿಲುಗಳನ್ನು ಭದ್ರಪಡಿಸಿ, ಸಾಧ್ಯವಾದವರೆಲ್ಲ ದಡಕ್ಕೆ ಇಳಿದುಹೋಗುತ್ತಿದ್ದರು. ಹೀಗೆ, ಆರು ಗಂಟೆಯೋ ಹತ್ತು ಗಂಟೆಯೋ ಒಂದು ಅಪರಿಚಿತ ಊರಿನಲ್ಲಿ ಕಳೆಯಬೇಕಾದ ಹೊಸ ಬಗೆಯ ಮನುಷ್ಯನೊಬ್ಬನು ಲೋಕದಲ್ಲಿ ಕಾಣಿಸಿಕೊಂಡನು. ವರ್ತಕನಲ್ಲ, ನಾವಿಕನಲ್ಲ, ಯಾತ್ರಿಕನೂ ಅಲ್ಲ. ಒಂದು ಹಗಲಿನ ಅತಿಥಿ. ಅವನಿಗೆ ಮರಳದಿಬ್ಬದ ಚಿಂತೆಯಿಲ್ಲ. ಅವನು ತಿಳಿಯಬಯಸುವುದು ದೋಣಿಯವನಿಗೆ ಎಷ್ಟು ಕೊಡಬೇಕು, ನೀರು ಕುಡಿಯಬಹುದೇ, ನೋಡತಕ್ಕದ್ದು ಯಾವುದು, ಮರಳುವುದು ಎಷ್ಟು ಹೊತ್ತಿಗೆ ಎಂಬುದನ್ನು.

ಈ ಹೊಸ ಬಗೆಯ ಅತಿಥಿಗಳಲ್ಲಿ ಮೊದಲಿಗರಲ್ಲೊಬ್ಬನು ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆ. ಪಿ ಅಂಡ್ ಓ ಕಂಪನಿಯವರು 1844ರಲ್ಲಿ ಅವನಿಗೆ ಬಿಟ್ಟಿ ಪ್ರಯಾಣ ಕೊಟ್ಟು ಮೆಡಿಟರೇನಿಯನ್ ಸಮುದ್ರದ ಸುತ್ತಾಟಕ್ಕೆ ಕಳುಹಿಸಿದರು. ಲಿಸ್ಬನ್, ಜಿಬ್ರಾಲ್ಟರ್, ಅಥೆನ್ಸ್, ಸ್ಮಿರ್ನ, ಕಾನ್ಸ್ಟಾಂಟಿನೋಪಲ್, ಜಾಫ ಇವನ್ನೆಲ್ಲ ಕಂಡು ಕೈರೋವರೆಗೆ ಹೋಗಿಬಂದ ಅವನು 1846ರಲ್ಲಿ ಅದರ ಮೇಲೊಂದು ಪುಸ್ತಕ ಪ್ರಕಟಿಸಿದನು. ಅದೇ ಕಾಲದಲ್ಲಿ ಲಂಡನ್ನಿನ ಮರ್ರೆ, ಜರ್ಮನಿಯ ಬೇಡೆಕರ್ ಎಂಬ ಎರಡು ಪ್ರಕಾಶನ ಮನೆತನಗಳು ಪ್ರವಾಸಿಗರ ಕೈಪಿಡಿಗಳನ್ನು ಹೊರತರುತ್ತಿದ್ದವು. ಮರ್ರೆಯವರ ಭಾರತದ ಕೈಪಿಡಿ, ಮದರಾಸು ಮುಂಬಯಿ ಪ್ರಾಂತಗಳನ್ನು ಕುರಿತದ್ದು, 1859ರಲ್ಲಿ ಬಂತು. ಹತ್ತು ವರ್ಷದ ಮೇಲೆ ಸೂಯೆಜ್ ಕಾಲುವೆ ತೆರೆಯಿತು. ಪೋರ್ಟ್ ಸೈದ್, ಏಡನ್, ಕೊಲಂಬೋ ಎಂಬ ಹೆಸರುಗಳು ಮಣಿಸರದಂತೆ ಒಂದೇ ಉಸಿರಿನಲ್ಲಿ ಬರತೊಡಗಿದ್ದು ಆಮೇಲೆ. 1888ರಲ್ಲಿ ಪಿ ಅಂಡ್ ಓ ಕಂಪನಿಯೇ ತನ್ನ ಪಯಣಿಗರಿಗಾಗಿ ಜೇಬಿನಲ್ಲಿ ಹಿಡಿಯುವ ಪುಸ್ತಕವೊಂದನ್ನು ಹೊರತಂದಿತು. ನಮ್ಮವರಲ್ಲಿ ವಿದ್ಯಾಭ್ಯಾಸಕ್ಕೆಂದು ಸೀಮೆಗೆ ಹೋದವರೂ ಇದೇ ದಾರಿಯ ಮಣಿಗಳನ್ನು ಎಣಿಸುತ್ತ ಹೋದವರು. ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿಬಂದ ಆ ಸಮುದ್ರಯಾನವು ಕನ್ನಡಕ್ಕೆ ‘ಸಮುದ್ರ ಗೀತೆಗಳು’ ಎಂಬ ಕವನಸಂಗ್ರಹವನ್ನು ತಂದುಕೊಟ್ಟಿತು.

ಅದುವರೆಗಿನ ಹಡಗುಗಳು ಎಲ್ಲಿಗೋ ಹೋಗುವುದಕ್ಕಾಗಿ ಹೋಗುತ್ತಿದ್ದವು, ರೇವುಗಳು ದಾರಿಯಲ್ಲಿ ಬರುತ್ತಿದ್ದವು. ರೇವುಗಳಿಗಾಗಿಯೇ ಹಡಗನ್ನು ಹೊರಡಿಸುವ ಯೋಚನೆಗೆ ಗಟ್ಟಿಯಾದ ರೂಪ ಕೊಟ್ಟವನು ಹಾಂಬರ್ಗಿನ ಆಲ್ಬರ್ಟ್ ಬಾಲಿನ್. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಮೆಯಾಗಿ ತನ್ನ ಕಂಪನಿಯ ದೊಡ್ಡ ಹಡಗುಗಳು ಕೆಲಸವಿಲ್ಲದೆ ನಿಲ್ಲುವುದನ್ನು ಕಂಡ ಅವನು, 1891ರ ಜನವರಿ 22ರಂದು ‘ಆಗುಸ್ಟ ವಿಕ್ಟೋರಿಯ’ ಎಂಬ ಹಡಗಿನಲ್ಲಿ 241 ಪಯಣಿಗರನ್ನು ಕೂಡಿಸಿಕೊಂಡು ಕುಕ್ಸ್‌ಹಾಫನಿನಿಂದ ಮೆಡಿಟರೇನಿಯನ್ನಿಗೆ ಹೊರಟನು. ಸುಮಾರು ಎರಡು ತಿಂಗಳ ಸುತ್ತು. ಅದು ಗೆದ್ದುದರಿಂದ ಉತ್ಸಾಹಗೊಂಡು, ವಿಹಾರಕ್ಕೆಂದೇ ‘ಪ್ರಿನ್‌ತ್ಸೆಸಿನ್ ವಿಕ್ಟೋರಿಯ ಲುಯಿಸ’ ಎಂಬ ಬೇರೆ ಹಡಗನ್ನೇ 1900ರಲ್ಲಿ ಕಟ್ಟಿಸಿದನು. ಸರಕಿನ ಮಾತೇ ಇಲ್ಲದ, ಮನೋಹರವಾದ ಆ ಬಿಳಿಯ ಹಡಗಿನ ಗತಿ ಏನಾಯಿತೆಂಬುದನ್ನು ಇಲ್ಲಿ ಹೇಳಲೇಬೇಕು. 1906ರ ಡಿಸೆಂಬರ್ 16ರ ರಾತ್ರಿ ಜಮೈಕದ ಪೋರ್ಟ್ ರಾಯಲಿಗೆ ಬರುವಾಗ, ಅದರ ಕಪ್ತಾನನು ಸ್ಥಳೀಯ ಪೈಲಟನಿಗಾಗಿ ಕಾಯದೆ ತಾನೇ ನಡೆಸಿಕೊಂಡು ಹೋದನು. ಒಂದು ದೀಪಸ್ತಂಭವನ್ನು ಇನ್ನೊಂದೆಂದು ತಿಳಿದು ಹಡಗನ್ನು ಬಂಡೆಗಳ ಮೇಲೆ ಏರಿಸಿದನು. ಪಯಣಿಗರೆಲ್ಲರೂ ಸುರಕ್ಷಿತವಾಗಿ ದಡ ಸೇರಿದರು. ಕಪ್ತಾನನು ತನ್ನ ಕೋಣೆಗೆ ಹೋಗಿ ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟನು. ಭರುಕಚ್ಛದ ಬೆಸ್ತರ ದೋಣಿಗಾಗಿ ಕಾಯಬೇಕೆಂದು ಹದಿನೆಂಟು ಶತಮಾನಗಳ ಹಿಂದೆಯೇ ಬರೆದಿಟ್ಟ ಆ ಅನಾಮಧೇಯ ವರ್ತಕನ ನೆನಪು ಇಲ್ಲಿ ನನಗೆ ಬಾರದೆ ಹೋಗುವುದಿಲ್ಲ.

ರೇವಿನ ಕೈಪಿಡಿಗಳಲ್ಲಿ ನಾನು ಅತ್ಯಂತ ಹೆಚ್ಚು ಗೌರವಿಸುವುದು ಇದೇ ಕಾಲದ್ದು. ಬೇಡೆಕರ್ ಮನೆತನದವರು ಮೆಡಿಟರೇನಿಯನ್ನಿನ ರೇವುಗಳನ್ನೂ ಸಮುದ್ರಮಾರ್ಗಗಳನ್ನೂ ಕುರಿತು ಜರ್ಮನ್ ಭಾಷೆಯಲ್ಲಿ ಬರೆಯಿಸಿದ ಪುಸ್ತಕ 1911ರಲ್ಲಿ ಇಂಗ್ಲಿಷಿನಲ್ಲಿಯೂ ಬಂತು. ಕೆಂಪು ಹೊದಿಕೆ, ತೆಳ್ಳನೆಯ ಹಾಳೆ, ಕಣ್ಣಿಗೆ ಒತ್ತಿಕೊಂಡು ಓದಬೇಕಾದ ಸಣ್ಣ ಅಕ್ಷರ. ಮಡಿಕೆ ಬಿಚ್ಚಿದರೆ ಬಣ್ಣದ ನಕಾಶೆಗಳು. ಹಡಗಿನಿಂದ ದಡಕ್ಕೆ ಒಯ್ಯುವ ದೋಣಿಯವನಿಗೆ ತಲೆಗೆಷ್ಟು, ಪೆಟ್ಟಿಗೆಗೆಷ್ಟು ಎಂಬುದನ್ನು ಆ ಮನೆತನದ ಪುಸ್ತಕಗಳು ರೇವು ರೇವಿಗೆ ಹೇಳುತ್ತವೆ. ಅವಸರದವನೂ ಯಾವುದನ್ನು ನೋಡದೆ ಬಿಡಬಾರದೆಂಬುದನ್ನು ನಕ್ಷತ್ರದ ಗುರುತಿನಿಂದ ತಿಳಿಸುತ್ತವೆ. ನೀರೂ ನೆಲವೂ ಒಂದೇ ಪುಸ್ತಕದಲ್ಲಿ ಸರಿಸಮನಾಗಿ ಕುಳಿತ ಕೊನೆಯ ಕಾಲ ಅದೆಂದು ನನ್ನ ಅಭಿಪ್ರಾಯ.

ನಮ್ಮ ಮಂಗಳೂರಿನ ಹಳೆಯ ಬಂದರಿನಲ್ಲಿ ಆ ದೋಣಿಯ ಬಾಡಿಗೆಯ ವಿಷಯ ಬಹುಕಾಲ ನಿತ್ಯದ ಮಾತಾಗಿತ್ತು. ನೇತ್ರಾವತಿ ಗುರುಪುರ ನದಿಗಳು ಕೂಡಿ ಕಡಲನ್ನು ಸೇರುವ ಅಳಿವೆಯ ಬಾಯಲ್ಲಿ ಮರಳು ತುಂಬಿ ನೀರು ಆಳವಿಲ್ಲದುದರಿಂದ ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಅದು ದೂರ ಕಡಲಿನಲ್ಲೇ ಲಂಗರು ಹಾಕಿ ನಿಲ್ಲುವುದು. ಜನರನ್ನೂ ಹಂಚು, ಕಾಫಿ, ಮೆಣಸುಗಳ ಮೂಟೆಗಳನ್ನೂ ದೋಣಿಗಳೂ ಮಂಜಿಗಳೂ ತೆರೆಗಳ ಮೇಲೆ ತೂಗಾಡುತ್ತ ಸಾಗಿಸುವುದು. ಮಳೆಗಾಲ ಬಂದರೆ ಅದೂ ನಿಂತುಹೋಗುವುದು. ಪ್ಲಿನಿ ಮುಸಿರಿಯ ವಿಷಯದಲ್ಲಿ ಹೇಳಿದ ಅನಾನುಕೂಲವೇ ಇದು. ಅಳಿವೆಯ ಮರಳು ಯಾವ ದಿನ ಎತ್ತ ಸರಿದಿದೆಯೆಂಬುದು ದೋಣಿಯ ತಾಂಡೇಲನಿಗೆ ಮಾತ್ರ ಗೊತ್ತು. ಅದನ್ನು ಯಾವ ಪುಸ್ತಕವೂ ಹೇಳಲಾರದು. ಆದಕಾರಣ ಇಳಿಯುವ ಪಯಣಿಗನು ಎಂಥ ದೊಡ್ಡ ಮನುಷ್ಯನಾದರೂ ಆ ಅರ್ಧ ಗಂಟೆ ತಾಂಡೇಲನ ಮಾತನ್ನು ಕೇಳಿ ಸುಮ್ಮನೆ ಕೂರಬೇಕು. ರೇವೆಂದರೆ ಏನೆಂಬುದು ಮೈಗೆ ತಿಳಿಯುತ್ತಿದ್ದ ಅರ್ಧ ಗಂಟೆ ಅದು.

ಎರಡನೆಯ ಮಹಾಯುದ್ಧದ ಮೇಲೆ ಲೋಕ ಬಹುಬೇಗ ಬದಲಾಯಿತು. 1958ರ ಹೊತ್ತಿಗೆ ಅಟ್ಲಾಂಟಿಕ್ ಸಮುದ್ರವನ್ನು ಹಡಗಿನಲ್ಲಿ ದಾಟುವವರಿಗಿಂತ ವಿಮಾನದಲ್ಲಿ ದಾಟುವವರೇ ಹೆಚ್ಚಾದರು. ಹೋಗಿ ಸೇರುವುದಕ್ಕೆ ಹಡಗು ಬೇಡವಾದ ಮೇಲೆ, ಹಡಗೇ ಹೋಗಿ ಸೇರಬೇಕಾದ ಸ್ಥಳವಾಯಿತು. 1966ರ ಡಿಸೆಂಬರಿನಲ್ಲಿ ‘ಸನ್‌ವರ್ಡ್’ ಎಂಬ ಹಡಗು ಮಯಾಮಿಯಿಂದ ಹೊರಟು ಕೆರಿಬಿಯನ್ ಕಡೆಯ ವಿಹಾರಯಾನಗಳನ್ನು ಆರಂಭಿಸಿದಾಗ ಈಗಿನ ಈ ಉದ್ಯಮಕ್ಕೆ ತಳಹದಿ ಬಿತ್ತೆಂದು ಹೇಳುತ್ತಾರೆ. ಕಲ್ಲಿದ್ದಲು ಇಲ್ಲ, ಹೆಚ್ಚಿನ ರೇವುಗಳಲ್ಲಿ ದೋಣಿಯೂ ಇಲ್ಲ. ಹಡಗು ನೇರವಾಗಿ ಧಕ್ಕೆಗೆ ಒರಗುತ್ತದೆ, ಬಾಗಿಲ ಬಳಿಯೇ ಬಸ್ಸು ಕಾದಿರುತ್ತದೆ. ಇಳಿದವನ ಕಾಲಿಗೆ ನೀರು ತಾಗುವ ಪ್ರಸಂಗವೇ ಇಲ್ಲವಾದ್ದರಿಂದ ಅವನ ಕೈಯ ಕಾಗದದಲ್ಲಿಯೂ ಅದು ಇಲ್ಲವಾಯಿತು. ಆ ಜಾಗಕ್ಕೆ ಬಂದದ್ದು ಅಂಗಡಿ. ಕೆರಿಬಿಯನ್ ಮತ್ತು ಅಲಾಸ್ಕದ ರೇವುಗಳಲ್ಲಿ, ‘ಶಿಫಾರಸಾದ ಅಂಗಡಿ’ ಎಂದು ನಕಾಶೆಯಲ್ಲಿ ಹೆಸರು ಬರಬೇಕಾದರೆ ಅಂಗಡಿಯವರು ಹಣ ತೆರಬೇಕಾಗಿರುವುದು ಎಲ್ಲರಿಗೂ ತಿಳಿದ ವಿಷಯ. ಹಣ ತೆತ್ತವನ ಹೆಸರನ್ನು ಮಾತ್ರ ಹೇಳುವ ನಕಾಶೆಯನ್ನು ನಕಾಶೆಯೆಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಅದು ಅತಿಥಿಯ ಬಳಿಯಿರುವ ಅಲ್ಪ ಹೊತ್ತನ್ನು ಮಾರಿಕೊಳ್ಳುವ ಕೆಲಸ. ಹಾಗೆಂದು ಈ ಕಾಗದಗಳಲ್ಲಿ ಒಳ್ಳೆಯದೇ ಇಲ್ಲವೆಂದು ಹೇಳಲಾರೆ. ಗಾಲಿಕುರ್ಚಿಯವರು ಎಲ್ಲಿಯವರೆಗೆ ಹೋಗಬಹುದು, ಬಸದಿಯಲ್ಲಿ ಪಾದರಕ್ಷೆಗಳನ್ನು ಎಲ್ಲಿ ಬಿಡಬೇಕು ಎಂಬ ಸಣ್ಣ ಮಾತುಗಳಲ್ಲಿ ಪೆರಿಪ್ಲಸಿನ ಹಿತಚಿಂತನೆಯ ಒಂದು ಎಳೆ ಇನ್ನೂ ಉಳಿದಿದೆ.

ಪಣಂಬೂರಿನ ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಮರುವರ್ಷ ಜನವರಿಯಲ್ಲಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಅಳಿವೆಯ ಹಂಗಿಲ್ಲದೆ, ನೆಲವನ್ನು ತೋಡಿ ಕಡಲನ್ನೇ ಒಳಗೆ ಕರೆದುಕೊಂಡ ಬಂದರು ಅದು. ಅಲ್ಲಿ ಇಳಿದ ಅತಿಥಿಯು 968ರ ಶಾಸನವುಳ್ಳ ಕದ್ರಿಯ ಲೋಕೇಶ್ವರನ ಕಂಚಿನ ವಿಗ್ರಹವನ್ನೂ, 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ 42 ಅಡಿಯ ಗೊಮ್ಮಟನನ್ನೂ ಒಂದೇ ಹಗಲಿನಲ್ಲಿ ನೋಡಿ ಮರಳಬಹುದು. ನಾನು ಆ ಕಾಗದವನ್ನು ಬರೆಯುವವನಾಗಿದ್ದರೆ, ಸುಲ್ತಾನ್ ಬತ್ತೇರಿಯನ್ನು ಖಂಡಿತವಾಗಿಯೂ ಮೊದಲು ಹಾಕುತ್ತಿದ್ದೆ: ಹಡಗುಗಳು ಗುರುಪುರ ನದಿಯೊಳಕ್ಕೆ ನುಗ್ಗದಂತೆ ಕಾಯಲು ಟಿಪ್ಪುವು ಕಟ್ಟಿಸಿದ ಆ ಕರಿಯ ಕಲ್ಲಿನ ಬುರುಜಿನ ಮೇಲೆ ನಿಂತರೆ, ನದಿ, ಅದರಾಚೆಯ ಮರಳಿನ ನಾಲಗೆ, ಅದರಾಚೆಯ ಕಡಲು ಮೂರೂ ಒಟ್ಟಿಗೆ ಕಾಣುತ್ತವೆ. ಅಲ್ಲಿಂದ ಹಳೆಯ ಧಕ್ಕೆಗೆ ಕರೆದೊಯ್ದು, ಬುಟ್ಟಿಗಳಲ್ಲಿ ಬಂಗುಡೆ ಇಳಿಯುವುದನ್ನೂ ಮರದ ಮಂಜಿಗಳಿಗೆ ಸರಕು ತುಂಬುವುದನ್ನೂ ತೋರಿಸುತ್ತಿದ್ದೆ. ಬಳಿಕ ಬೇಕಾದರೆ ಗೇರುಬೀಜ.

ಕಾರ್ಕಳದ ಮೆಟ್ಟಿಲ ಮೇಲಿನ ಆ ಮಹಿಳೆಯ ಹಡಗು ಅಂದು ಸಂಜೆಯೇ ಹೊರಟುಹೋಯಿತು. ಆಮೇಲೊಮ್ಮೆ, ಇಂಥ ಹಡಗು ಬರುವ ದಿನ ನಸುಕಿನಲ್ಲೇ ಎದ್ದು ಪಣಂಬೂರಿನ ಕಡಲ ದಂಡೆಗೆ ಹೋಗಿದ್ದೆ. ಇನ್ನೂ ಕತ್ತಲೆಯಿತ್ತು. ದೂರದಲ್ಲಿ ಹಡಗಿನ ದೀಪಗಳು ಊರೊಂದರ ದೀಪಗಳಂತೆ ಸಾಲಾಗಿ ಕಂಡವು. ಅದು ಮುಂದೆ ಬರುವಂತೆಯೂ ಇರಲಿಲ್ಲ, ನಿಂತಂತೆಯೂ ಇರಲಿಲ್ಲ. ಅಷ್ಟರಲ್ಲಿ ಬಂದರಿನ ಬಾಯಿಂದ ಒಂದು ಸಣ್ಣ ದೋಣಿ, ಮಿಣುಕುವ ದೀಪದೊಂದಿಗೆ, ತೆರೆಗಳ ಮೇಲೆ ಏರಿಳಿಯುತ್ತ ಅದರ ಎದುರಿಗೆ ಹೊರಟಿತು. ಈ ನೀರನ್ನು ಬಲ್ಲ ಪೈಲಟರೊಬ್ಬರು ಹಗ್ಗದ ಏಣಿ ಹಿಡಿದು ಆ ಎತ್ತರದ ಬಿಳಿಯ ಗೋಡೆಯನ್ನು ಏರುವವರೆಗೆ ಹಡಗು ಒಳಗೆ ಬರುವಂತಿಲ್ಲ. ಮೇಲಿನ ಕೋಣೆಗಳಲ್ಲಿ ಒಂದೊಂದಾಗಿ ದೀಪ ಹತ್ತುತ್ತಿತ್ತು. ಅಲ್ಲಿನವರು ರಾತ್ರಿ ಬಾಗಿಲ ಬಳಿ ಬಂದು ಬಿದ್ದಿದ್ದ ಕಾಗದವನ್ನು ಬಿಡಿಸಿ ಮಂಗಳೂರು ಎಂಬ ಹೆಸರನ್ನು ಓದುತ್ತಿದ್ದಿರಬೇಕು. ದೋಣಿಯ ದೀಪ ಹಡಗಿನ ಮಗ್ಗುಲಿಗೆ ತಾಗಿ, ಸ್ವಲ್ಪ ಹೊತ್ತು ಅಲ್ಲೇ ನಿಂತು, ಬೇರೆಯಾಯಿತು. ಆಮೇಲೆ ಆ ದೀಪಗಳ ಸಾಲು ಮೆಲ್ಲಗೆ ಬಂದರಿನ ಕಡೆಗೆ ತಿರುಗಿತು.